ದೊಡ್ಡದಾದರೂ ತಡವಾಗಿ ಸಿಕ್ಕಿದ ಹೈಜಿಯಾ

ಪ್ರಶ್ನೆ: ಹೈಜಿಯಾ ಗಾತ್ರದಲ್ಲಿ ನಾಲ್ಕನೇ ದೊಡ್ಡ ಕ್ಷುದ್ರಗ್ರಹ ಅಂತಾರೆ. ಹಾಗಾದ್ರೆ ಅದಕ್ಕೆ 10ನೇ ನಂಬರ್ ಯಾಕೆ? ಅದನ್ನೂ ಕುಬ್ಜಗ್ರಹ ಅನ್ನಬಹುದಾ?

ಉತ್ತರ: ನಂಬರ್ ಕೊಡೋದು ಗಾತ್ರ ನೋಡಿ ಅಲ್ಲ, ಸಿಕ್ಕಿದ ಸರದಿ ನೋಡಿ. ಹೈಜಿಯಾ ಸಿಕ್ಕಿದ್ದು 1849ರ ಏಪ್ರಿಲ್ 12ರಂದು, ನೇಪಲ್ಸ್‌ನಲ್ಲಿ, ಆನಿಬಾಲೆ ಡಿ ಗಾಸ್ಪರಿಸ್ ಎಂಬ ಖಗೋಳಜ್ಞರಿಗೆ. ಅದಕ್ಕೂ ಮುಂಚೆ ಸಿಕ್ಕಿದ್ದ ಒಂಬತ್ತರಲ್ಲಿ ಸೀರಿಸ್, ವೆಸ್ಟಾ, ಪಲ್ಲಾಸ್ ಮಾತ್ರ ಇದಕ್ಕಿಂತ ದೊಡ್ಡವು. ಹೈಜಿಯಾ ಸುಮಾರು 430 ಕಿ.ಮೀ. ಅಗಲ ಇದೆ, 1804ರಲ್ಲೇ ಸಿಕ್ಕಿದ ಜೂನೋ ಬರೀ 250 ಕಿ.ಮೀ. ಆಸುಪಾಸು.

ಇಷ್ಟು ದೊಡ್ಡದು ಇಷ್ಟು ತಡವಾಗಿ ಕಣ್ಣಿಗೆ ಬಿದ್ದಿದ್ದಕ್ಕೆ ಮುಖ್ಯ ಕಾರಣ ಅದರ ಬಣ್ಣ. ಮೇಲ್ಮೈ ತುಂಬ ಇಂಗಾಲ ಬೆರೆತ ವಸ್ತು, ಇದ್ದಿಲಿನ ಹಾಗೆ ಕಪ್ಪು. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಏಳು ಪಾಲು ಮಾತ್ರ ವಾಪಸ್ ಕಳಿಸುತ್ತದೆ, ವೆಸ್ಟಾ ಆದರೆ ನಲವತ್ತು ಪಾಲು! ಜೊತೆಗೆ ದೂರವೂ ಜಾಸ್ತಿ. ಸೂರ್ಯನಿಂದ ಸರಾಸರಿ 47 ಕೋಟಿ ಕಿ.ಮೀ. ಆಚೆ ಸುತ್ತುತ್ತದೆ, ವೆಸ್ಟಾ 35 ಕೋಟಿಯಲ್ಲಿದೆ. ದೂರ ಹೆಚ್ಚಿದರೆ ಅಲ್ಲಿಗೆ ಬೀಳೋ ಬಿಸಿಲೂ ಕಡಿಮೆ, ಅಲ್ಲಿಂದ ನಮಗೆ ಬರೋ ಬೆಳಕೂ ಕಡಿಮೆ, ಅಲ್ವಾ? ವೆಸ್ಟಾ ಒಳ್ಳೆಯ ಕತ್ತಲಿದ್ದರೆ ಒಮ್ಮೊಮ್ಮೆ ಬರಿಗಣ್ಣಿಗೂ ಕಾಣುತ್ತದೆ, ಹೈಜಿಯಾ ಎಷ್ಟೇ ಹತ್ತಿರ ಬಂದರೂ ಕಾಣೋದಿಲ್ಲ.

ಈಗ ಎರಡನೇ ಪ್ರಶ್ನೆ. ಕುಬ್ಜಗ್ರಹ ಅನ್ನಿಸಿಕೊಳ್ಳಬೇಕಾದರೆ ಸೂರ್ಯನನ್ನು ಸುತ್ತಬೇಕು, ಬೇರೆ ಗ್ರಹದ ಚಂದ್ರ ಆಗಿರಬಾರದು, ತನ್ನ ದಾರಿಯ ಅಕ್ಕಪಕ್ಕದ ಬೇರೆ ಕಾಯಗಳನ್ನು ತೆರವು ಮಾಡಿರಬಾರದು. ಈ ಮೂರೂ ಹೈಜಿಯಾಗೆ ಸಲ್ಲುತ್ತವೆ. ನಾಲ್ಕನೆಯದೇ ಕಷ್ಟದ್ದು: ತನ್ನ ಗುರುತ್ವದಿಂದಲೇ ದುಂಡಗಾಗಿರಬೇಕು. ಚಿಲಿಯಲ್ಲಿರುವ ವೆರಿ ಲಾರ್ಜ್ ಟೆಲಿಸ್ಕೋಪ್‌ನಲ್ಲಿ ತೆಗೆದ ಚಿತ್ರಗಳು 2019ರಲ್ಲಿ ಹೊರಬಂದಾಗ, ಅದು ನಿಜಕ್ಕೂ ದುಂಡಗಿದೆ ಅಂತ ಗೊತ್ತಾಯಿತು. ತನ್ನ ಸುತ್ತ ತಾನೇ ಒಂದು ಸಲ ತಿರುಗಲು ಅದಕ್ಕೆ 27 ಗಂಟೆಗೂ ಹೆಚ್ಚು ಬೇಕು ಅಂತ ಅಲ್ಲಿಯವರೆಗೆ ನಂಬಿದ್ದರು. ನೋಡಿದರೆ ಅದರ ಅರ್ಧ ಸಾಕು, ಸುಮಾರು 13.8 ಗಂಟೆ.

ನನಗೆ ತುಂಬ ಇಷ್ಟವಾಗೋದು ಈ ದುಂಡು ಆಕಾರದ ಹಿಂದಿನ ಕಥೆ. ಹೈಜಿಯಾ ಜೊತೆ ಅದೇ ಬಗೆಯ ಕಕ್ಷೆಯಲ್ಲಿ ಸಾವಿರಾರು ಚೂರುಗಳು ಸುತ್ತುತ್ತಿವೆ, ಎಲ್ಲ ಒಂದೇ ಡಿಕ್ಕಿಯಲ್ಲಿ ಸಿಡಿದವು. ಹಾಗಿದ್ದ ಮೇಲೆ ಮೈಮೇಲೆ ಒಂದು ಭಾರೀ ಗುಂಡಿ ಇರಬೇಕು, ವೆಸ್ಟಾದ ಮೇಲೆ 500 ಕಿ.ಮೀ. ಅಗಲದ್ದು ಇದೆ. ಹೈಜಿಯಾದ ಮೇಲ್ಮೈಯ ನೂರಕ್ಕೆ 95 ಭಾಗ ಹುಡುಕಿದರೂ ಖಚಿತವಾಗಿ ಸಿಕ್ಕಿದ್ದು ಎರಡೇ ಗುಂಡಿ, ಅವೂ ಇಷ್ಟೊಂದು ಚೂರು ಹೊರಬರುವಷ್ಟು ದೊಡ್ಡವಲ್ಲ. ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದಾಗ ಉತ್ತರ ಸಿಕ್ಕಿತು. ಸುಮಾರು 200 ಕೋಟಿ ವರ್ಷಗಳ ಹಿಂದೆ, 75ರಿಂದ 150 ಕಿ.ಮೀ. ಅಗಲದ ಕಾಯವೊಂದು ಗುದ್ದಿದಾಗ ಮೂಲ ಹೈಜಿಯಾ ಪೂರ್ತಿ ಪುಡಿಯಾಗಿರಬೇಕು. ಆಮೇಲೆ ಬಹುಪಾಲು ಚೂರುಗಳು ಮತ್ತೆ ಒಟ್ಟು ಸೇರಿ, ದ್ರವದ ಹಾಗೆ ಹರಿದು, ದುಂಡಗಾದವು.

ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಇನ್ನೂ ಅದನ್ನು ಕುಬ್ಜಗ್ರಹಗಳ ಪಟ್ಟಿಗೆ ಸೇರಿಸಿಲ್ಲ. ಕ್ಷುದ್ರಗ್ರಹಗಳ ಪೈಕಿ ಆ ಪಟ್ಟಿಯಲ್ಲಿ ಇರೋದು ಸೀರಿಸ್ ಒಂದೇ. ಹೈಜಿಯಾಗೂ ಅಲ್ಲಿ ಜಾಗ ಸಿಗಬೇಕು ಅನ್ನೋದು ನನ್ನ ಅಭಿಪ್ರಾಯ. ಅದಕ್ಕಿಂತ ಮುಖ್ಯವಾಗಿ ಒಂದು ನೌಕೆ ಅಲ್ಲಿಗೆ ಹೋಗಬೇಕು, ಇಲ್ಲಿಯವರೆಗೆ ಒಂದೂ ಹೋಗಿಲ್ಲ.