ಹಾಪರಿನಲ್ಲಿ ಕೆಸರು ಬೀಳುತ್ತಿರುವಾಗ ದೊಡ್ಡ ಪಂಪು ಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ನಿಮ್ಮ 210 ಮೆಗಾವಾಟ್ ಕಲ್ಲಿದ್ದಲು ಘಟಕದಲ್ಲಿ ಗಂಟೆಗೆ ಸುಮಾರು 1000 ಟನ್ ಹೊಗೆ ಅನಿಲವು ಏರ್ ಪ್ರಿಹೀಟರ್ (ಒಲೆಗೆ ಹೋಗುವ ಗಾಳಿಯನ್ನು ಹೊಗೆಯ ಶಾಖದಿಂದ ಬಿಸಿ ಮಾಡುವ ಸಾಧನ) ದಾಟಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರುತ್ತದೆ. ಹೊಗೆಯ ಬೂದಿಯನ್ನು ವಿದ್ಯುತ್ತಿನಿಂದ ಸೆಳೆದು ಫಲಕಗಳ ಮೇಲೆ ಹಿಡಿಯುವ ಇಎಸ್‌ಪಿಗೆ ಹೋಗುವ ಮೊದಲು ಅದನ್ನು ಗೋಪುರದಲ್ಲಿ ನೀರು ಸಿಂಪಡಿಸಿ 120ಕ್ಕೆ ಇಳಿಸಬೇಕು, ಆದರೆ 130ರ ಕೆಳಗೆ ಇಳಿಯುತ್ತಿಲ್ಲ. ಗಂಟೆಗೆ 13 ಟನ್ ಇದ್ದ ನೀರನ್ನು 16ಕ್ಕೆ ಏರಿಸಿದಿರಿ. ಉಷ್ಣತೆ ಅಲ್ಲೇ ನಿಂತಿತು, ಬೂದಿ ಬೀಳುವ ಕೆಳಗಿನ ಹಾಪರಿನಲ್ಲಿ ಕೆಸರು ಮಾತ್ರ ಹೆಚ್ಚಿತು. ದೊಡ್ಡ ಪಂಪು ಹಾಕಿಸಬೇಕೇ ಎಂದು ಕೇಳಿದ್ದೀರಿ. ಬೇಡ, ಕನಿಷ್ಠ ಈಗಲೇ ಬೇಡ. ಬಯಲುಸೀಮೆಯ ಉಷ್ಣ ಸ್ಥಾವರವೊಂದರಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿ, ಈಗ ಸೋಮವಾರಪೇಟೆ ಹತ್ತಿರ ಕಾಫಿ ತೋಟ ನೋಡಿಕೊಂಡಿರುವವನು ನಾನು.

ಮೊದಲು ಶಾಖದ ಲೆಕ್ಕ ಹಾಕಿ. ಒಂದು ಕಿಲೋ ಹೊಗೆ ಅನಿಲವನ್ನು ಒಂದು ಡಿಗ್ರಿ ತಂಪು ಮಾಡಲು ಸುಮಾರು 1.1 ಕಿಲೋಜೂಲ್ ಶಾಖವನ್ನು ತೆಗೆಯಬೇಕು. 30 ಡಿಗ್ರಿಯ ಒಂದು ಕಿಲೋ ನೀರು ಪೂರ್ತಿ ಆವಿಯಾಗಿ ಅನಿಲದೊಡನೆ ಬೆರೆಯುವಾಗ ಹೆಚ್ಚುಕಡಿಮೆ 2600 ಕಿಲೋಜೂಲ್ ಹೀರಿಕೊಳ್ಳುತ್ತದೆ. ಹೀಗಾಗಿ 30 ಡಿಗ್ರಿ ಇಳಿಸಲು ಗಂಟೆಗೆ 13 ಟನ್ ನೀರು ಸಾಕು. ವಿನ್ಯಾಸ ಮಾಡಿದವರು ತಪ್ಪು ಮಾಡಿಲ್ಲ. ನಿಮಗೆ ಸಿಗುತ್ತಿರುವುದು 20 ಡಿಗ್ರಿಯ ಇಳಿತ, ಅಂದರೆ ಎಂಟೂವರೆ ಟನ್ ಮಾತ್ರ ಆವಿಯಾಗುತ್ತಿದೆ. ಉಳಿದದ್ದು ಬೂದಿಯೊಡನೆ ಕಲಸಿಕೊಂಡು ಹಾಪರಿಗೆ ಇಳಿಯುತ್ತಿದೆ. ನೀರಿನ ಕೊರತೆ ನಿಮಗಿಲ್ಲ, ಇರುವ ನೀರು ಆವಿಯಾಗುತ್ತಿಲ್ಲ ಅಷ್ಟೆ.

ಏಕೆ ಆವಿಯಾಗುತ್ತಿಲ್ಲ ಎಂಬುದಕ್ಕೆ ಹನಿಯ ಗಾತ್ರವನ್ನು ನೋಡಬೇಕು. ಹನಿ ಆರಲು ಬೇಕಾದ ಸಮಯವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ನಿಮ್ಮ ಉಷ್ಣತೆಯಲ್ಲಿ 100 ಮೈಕ್ರಾನಿನ ಹನಿ ಒಂದೆರಡು ಸೆಕೆಂಡಿನಲ್ಲಿ ಆರಿದರೆ, 200 ಮೈಕ್ರಾನಿನದಕ್ಕೆ ಅದರ ನಾಲ್ಕು ಪಟ್ಟು ಸಮಯ ಬೇಕು. ಅಷ್ಟರಲ್ಲಿ ಅದು ಗೋಡೆಗೋ ತಳಕ್ಕೋ ಬಡಿದಿರುತ್ತದೆ. ಸಿಮೆಂಟ್ ಕಾರ್ಖಾನೆಯ ಗೋಪುರಗಳಿಗೆ ಅನಿಲ 350 ಡಿಗ್ರಿ ಆಸುಪಾಸಿನಲ್ಲಿ ಬರುವುದರಿಂದ ಅಲ್ಲಿ ದಪ್ಪ ಹನಿಯೂ ನಡೆದುಹೋಗುತ್ತದೆ. ನಮ್ಮಲ್ಲಿ ಹಾಗಲ್ಲ. ಹನಿಯ ಮೈ 50 ಡಿಗ್ರಿ ಹತ್ತಿರ ನಿಲ್ಲುತ್ತದೆ. ಸುತ್ತಲಿನ ಅನಿಲಕ್ಕೂ ಅದಕ್ಕೂ ಇರುವ ಅಂತರ ಒಳಬರುವಾಗ 100 ಡಿಗ್ರಿ, ಹೊರಹೋಗುವಾಗ ಬರಿಯ 70. ಸಿಮೆಂಟಿನವರ ನಾಜಲನ್ನು (ನೀರು ಸಿಂಪಡಿಸುವ ಮೂತಿ) ಹಾಗೆಯೇ ತಂದು ಇಲ್ಲಿ ಕೂರಿಸಿದ್ದನ್ನು ನಾನು ಕಂಡಿದ್ದೇನೆ. ಫಲ ನೀವು ಈಗ ನೋಡುತ್ತಿರುವುದೇ.

ನೀವೂ ಕೊಡಗಿನವರೇ, ವಿರಾಜಪೇಟೆ ಕಡೆಯವರೆಂದು ಬರೆದಿದ್ದೀರಿ, ಆದ್ದರಿಂದ ಇದು ತಕ್ಷಣ ತಿಳಿಯುತ್ತದೆ. ಮುಂಗಾರಿಗೆ ಮೊದಲು ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ಮದ್ದು) ಹೊಡೆಯುವಾಗ ಗನ್ನಿನ ನಾಜಲ್ ಹೊಸದಿದ್ದರೆ ಮದ್ದು ಮಂಜಿನಂತೆ ಎಲೆಯ ಮೇಲೆ ಕೂರುತ್ತದೆ. ಅದೇ ನಾಜಲ್ ಸುಣ್ಣದ ಹರಳಿಗೆ ಸವೆದು ತೂತು ಅಗಲವಾದ ಮೇಲೆ ಡ್ರಮ್ಮು ಬೇಗ ಖಾಲಿಯಾಗುತ್ತದೆ, ಮೈಲುತುತ್ತ ಎಲೆಯಿಂದ ತೊಟ್ಟಿಕ್ಕಿ ಬುಡಕ್ಕೆ ಹೋಗುತ್ತದೆ. ಕಳೆದ ವರ್ಷ ನಮ್ಮಲ್ಲಿ ಹೀಗೇ ಆಗಿ, ಹಳೆಯ ಮತ್ತು ಹೊಸ ನಾಜಲ್‌ಗಳನ್ನು ಮೇಜಿನ ಮೇಲಿಟ್ಟು ನೋಡಿದೆ: ಹೊಸದರೊಳಗೆ ಹೋಗದ ಡ್ರಿಲ್ ಬಿಟ್ಟಿನ ಹಿಂತುದಿ ಹಳೆಯದರೊಳಗೆ ಸಲೀಸಾಗಿ ಹೋಗಿ ಅಲ್ಲಾಡಿತು. ನಿಮ್ಮ ನಾಜಲ್‌ಗಳಿಗೂ ಇದೇ ಪರೀಕ್ಷೆ ಸಾಕು.

ಅದಕ್ಕೂ ಮುನ್ನ ಲಾಗ್‌ಬುಕ್ ತೆರೆದು ನೋಡಿ. ಗೋಪುರ ಹೊಸದಾಗಿ ಚಾಲನೆಗೆ ಬಂದಾಗ 13 ಟನ್ ನೀರಿಗೆ, ನಾಜಲ್‌ಗಳಿಗೆ ನೀರು ಹಂಚುವ ಹೆಡರ್ ಕೊಳವೆಯಲ್ಲಿ ಎಷ್ಟು ಒತ್ತಡವಿತ್ತು, ಈಗ ಎಷ್ಟಿದೆ? ಅಷ್ಟೇ ನೀರು ಕಡಿಮೆ ಒತ್ತಡದಲ್ಲಿ ಹೋಗುತ್ತಿದ್ದರೆ ತೂತುಗಳು ಸವೆದಿವೆ. ಹೆಚ್ಚು ಒತ್ತಡ ಬೇಕಾಗುತ್ತಿದ್ದರೆ ಕೆಲವು ಕಟ್ಟಿಕೊಂಡಿವೆ, ಮಿಕ್ಕವುಗಳ ಮೇಲೆ ಹೊರೆ ಬಿದ್ದಿದೆ. ಕೂಲಿಂಗ್ ಟವರಿನಿಂದ ಲವಣ ಹೆಚ್ಚಿತೆಂದು ಹೊರಬಿಡುವ ಬ್ಲೋಡೌನ್ ನೀರನ್ನೇ ಇಲ್ಲಿಗೆ ತಿರುಗಿಸಿದ್ದರೆ ಕಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು, ಏಕೆಂದರೆ ಅದರಲ್ಲಿ ಕರಗಿದ ಲವಣ ಬಿಸಿ ತುದಿಯಲ್ಲಿ ಗಟ್ಟಿಯಾಗಿ ಅಂಟುತ್ತದೆ. ಬ್ಲೋಡೌನ್ ಬಳಸುವುದನ್ನು ನಾನು ತಪ್ಪೆನ್ನುವುದಿಲ್ಲ. 2015ರ ಡಿಸೆಂಬರಿನ ಕೇಂದ್ರ ಅಧಿಸೂಚನೆಯು ಕೂಲಿಂಗ್ ಟವರ್ ಇರುವ ಹಳೆಯ ಸ್ಥಾವರಗಳಿಗೆ ಪ್ರತಿ ಮೆಗಾವಾಟ್-ಗಂಟೆಗೆ 3.5 ಘನ ಮೀಟರ್ ನೀರಿನ ಮಿತಿ ಹಾಕಿದ ಮೇಲೆ ಪ್ರತಿ ಟನ್ನಿಗೂ ಲೆಕ್ಕ ಕೊಡಬೇಕಾಯಿತು. ಆದರೆ ಒಳ್ಳೆಯ ಸ್ಟ್ರೈನರ್ ಮತ್ತು ಸರದಿಯ ಪ್ರಕಾರ ಲ್ಯಾನ್ಸ್ (ತುದಿಯಲ್ಲಿ ನಾಜಲ್ ಇರುವ ಕೊಳವೆ) ತೊಳೆಯುವ ಶಿಸ್ತು ಇಲ್ಲದೆ ಅದನ್ನು ಬಳಸಬಾರದು.

ಮುಂದಿನ ಶಟ್‌ಡೌನಿನಲ್ಲಿ ಲ್ಯಾನ್ಸ್‌ಗಳನ್ನು ಹೊರತೆಗೆದು ಬಯಲಿನಲ್ಲೇ ಒಂದೊಂದನ್ನಾಗಿ ಚಾಲೂ ಮಾಡಿಸಿ. ಬಕೆಟ್ ಹಿಡಿದು ಒಂದು ನಿಮಿಷದ ನೀರನ್ನು ತೂಗಿದರೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದು ತಿಳಿಯುತ್ತದೆ. ಸಿಂಪಡಣೆಯ ಶಂಕು ಒಂದು ಕಡೆ ಹರಿದು ದಾರವಾಗಿ ಸುರಿಯುತ್ತಿದ್ದರೆ ಅದು ಕಣ್ಣಿಗೇ ಕಾಣುತ್ತದೆ. ಗೋಪುರದ ಬಾಗಿಲು ತೆರೆದಾಗ ಕೆಸರು ಒಂದೇ ಗೋಡೆಗೆ ಮೆತ್ತಿಕೊಂಡಿದೆಯೇ, ಸುತ್ತಲೂ ಇದೆಯೇ ಎಂದು ಗುರುತು ಹಾಕಿಕೊಳ್ಳಿ. ಒಂದೇ ಕಡೆಯಾದರೆ ಅನಿಲವೇ ಆ ಕಡೆಗೆ ನುಗ್ಗುತ್ತಿಲ್ಲ ಎಂದರ್ಥ, ತಿರುವಿನಲ್ಲಿ ಅನಿಲಕ್ಕೆ ದಾರಿ ತೋರುವ ಗೈಡ್ ವೇನ್ ಹಲಗೆಗಳು ತುಂಡಾಗಿರಬಹುದು.

ನಿಮ್ಮ 130 ಡಿಗ್ರಿಯನ್ನೂ ನಾನು ಪೂರ್ತಿ ನಂಬುತ್ತಿಲ್ಲ, ಕ್ಷಮಿಸಿ. ಉಷ್ಣತೆ ಅಳೆಯುವ ಒಂದೇ ಥರ್ಮೋಕಪಲ್‌ನ ಮೇಲೆ ಹನಿ ಬಿದ್ದರೆ ಅದು ಹನಿಯ ಉಷ್ಣತೆಯನ್ನು ತೋರಿಸುತ್ತದೆ, ನಿಯಂತ್ರಕವು ಹೆದರಿ ನೀರು ಕಡಿಮೆ ಮಾಡುತ್ತದೆ. ಅನಿಲ ಸಾಗುವ ಡಕ್ಟಿನ ಅಡ್ಡಕ್ಕೂ ಉದ್ದಕ್ಕೂ ಹಲವು ಕಡೆ ಅಳೆದು ಸರಾಸರಿ ತೆಗೆಯಿರಿ. ಜೊತೆಗೆ ಗೋಪುರದ ಮುಂದೆ ಹಿಂದೆ ಆಮ್ಲಜನಕವನ್ನು ಅಳೆಯಲೇಬೇಕು. ಒಳಗೆ 4 ಶೇಕಡಾ, ಹೊರಗೆ 5.5 ಶೇಕಡಾ ಬಂದರೆ, ವ್ಯತ್ಯಾಸ ಒಂದೂವರೆಯನ್ನು 21ರಿಂದ 5.5 ಕಳೆದ ಹದಿನೈದೂವರೆಯಿಂದ ಭಾಗಿಸಿ: ಸುಮಾರು 10 ಶೇಕಡಾ ಹೊರಗಿನ ಗಾಳಿ ಒಳಗೆ ಸೇರುತ್ತಿದೆ. ಅಷ್ಟು ಗಾಳಿಯೊಂದೇ ಹತ್ತು ಹನ್ನೊಂದು ಡಿಗ್ರಿ ಇಳಿಸಿಬಿಡುತ್ತದೆ. ಆಗ ನಿಮ್ಮ ನೀರು ಮಾಡಿದ ಕೆಲಸ ನೀವೆಣಿಸಿದ್ದಕ್ಕಿಂತಲೂ ಕಡಿಮೆ, ಹೊಗೆಯನ್ನು ಎಳೆಯುವ ಐಡಿ ಫ್ಯಾನಿನ ಹೊರೆ ಮಾತ್ರ ಹೆಚ್ಚು.

ತಂಪಾಗಿಸುವುದರ ಉದ್ದೇಶವೇ ಇಎಸ್‌ಪಿಯ ಅನುಕೂಲವಲ್ಲವೇ? ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬೂದಿ 35–45 ಶೇಕಡಾ. ಆ ಹಾರುಬೂದಿಯ ವಿದ್ಯುತ್ ನಿರೋಧ 150 ಡಿಗ್ರಿ ಸುತ್ತಮುತ್ತಲೇ ಶಿಖರ ಮುಟ್ಟುತ್ತದೆ. 120ಕ್ಕೆ ಇಳಿಸಿದರೆ ನಿರೋಧವೂ ಇಳಿದು ಬ್ಯಾಕ್ ಕರೋನಾ (ಫಲಕಕ್ಕೆ ಅಂಟಿದ ಬೂದಿಯ ಪದರದಲ್ಲೇ ಆಗುವ ವಿದ್ಯುತ್ ವಿಸರ್ಜನೆ) ತಗ್ಗುತ್ತದೆ, ಸೇರಿದ ನೀರಾವಿಯನ್ನು ಎಣಿಸಿದರೂ ಅನಿಲದ ಗಾತ್ರ ಸುಮಾರು ಐದು ಶೇಕಡಾ ಕುಗ್ಗಿ ಫಲಕಗಳ ನಡುವೆ ಅದು ನಿಧಾನವಾಗಿ ಸಾಗುತ್ತದೆ. ಗಾಳಿ ಸೋರಿ ತಂಪಾದರೆ ಈ ಎರಡನೆಯ ಲಾಭ ಕೈತಪ್ಪಿಹೋಗುತ್ತದೆ. 120ಕ್ಕಿಂತ ಕೆಳಗೆ ಹೋಗುವ ಆಸೆ ಸದ್ಯಕ್ಕೆ ಬೇಡ. ನೀರಾವಿ ಹೆಚ್ಚಿದಂತೆ ಆಮ್ಲ ಮಂಜುಗಟ್ಟುವ ಬಿಂದುವೂ ಮೇಲೇರುತ್ತದೆ, ಡಕ್ಟಿನ ತಣ್ಣನೆಯ ಮೂಲೆಗಳು ಮೊದಲು ತೂತಾಗುತ್ತವೆ. ಜಪಾನಿನಲ್ಲಿ 90 ಡಿಗ್ರಿ ಆಸುಪಾಸಿನಲ್ಲಿ ಇಎಸ್‌ಪಿ ನಡೆಸುತ್ತಾರೆ, ನಿಜ. ಅಲ್ಲಿ ನೀರು ಸಿಂಪಡಿಸದೆ ಕೊಳವೆಗಳ ಮೂಲಕ ಶಾಖವನ್ನು ಹೊರತೆಗೆಯುತ್ತಾರೆ. ನಮ್ಮ ಒರಟು ಬೂದಿಗೆ ಆ ಕೊಳವೆಗಳು ಬೇಗ ಸವೆಯುವುದರಿಂದ ಅದು ಬೇರೆಯೇ ಖರ್ಚಿನ ಮಾತು.

ಸದ್ಯ ನೀರನ್ನು 13 ಟನ್ನಿಗೆ ಇಳಿಸಿ, ಕೆಸರು ಕಡಿಮೆಯಾಗುತ್ತದೆ. ಸೋರಿಕೆ ಮುಚ್ಚಿ, ನಾಜಲ್ ಬದಲಿಸಿ ಒಂದು ವಾರ ನಡೆಸಿ ನೋಡಿ. ಅನಂತರವೂ ಪಂಪು ಬದಲಿಸಬೇಕೆನಿಸಿದರೆ ಹೆಚ್ಚು ನೀರು ಕೊಡುವುದನ್ನು ಕೇಳಬೇಡಿ. ಇಷ್ಟೇ ನೀರನ್ನು ಸಣ್ಣ ತೂತುಗಳಿಂದ ಹೆಚ್ಚು ಒತ್ತಡದಲ್ಲಿ ಕೊಡುವ ಪಂಪಿಗೆ ಕೊಟೇಶನ್ ತರಿಸಿ.