48 ಮೆಗಾಪಿಕ್ಸೆಲ್ ಮೊಬೈಲ್‌ಗಿಂತ ಹಳೆಯ 12 ಮೆಗಾಪಿಕ್ಸೆಲ್ ಕ್ಯಾಮೆರಾ ಯಕ್ಷಗಾನವನ್ನು ಚೆನ್ನಾಗಿ ಸೆರೆಹಿಡಿಯುವುದೇಕೆ?

ನೀವು ಕೇಳಿರುವುದು ಇಷ್ಟು: ಹೊಸ ಮೊಬೈಲ್‌ನಲ್ಲಿ 48 ಮೆಗಾಪಿಕ್ಸೆಲ್ ಇದೆ, ಅದರ ಇಮೇಜ್ ಪ್ರೊಸೆಸರ್ ಬಗ್ಗೆ ಜಾಹೀರಾತಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಆದರೂ ಊರಿನ ಬಯಲಾಟದಲ್ಲಿ ನಿಮ್ಮ ಮಾವನ ಹಳೆಯ 12 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದ ಚಿತ್ರಗಳ ಮುಂದೆ ಮೊಬೈಲ್ ಚಿತ್ರಗಳು ಸಪ್ಪೆಯಾಗಿವೆ. ಹಾಗಾದರೆ ಬೆಳಕು ಹಿಡಿಯುವ ಸೆನ್ಸರ್ ಮುಖ್ಯವೋ, ಅದನ್ನು ಚಿತ್ರವಾಗಿಸುವ ಪ್ರೊಸೆಸರ್ ಮುಖ್ಯವೋ, ಹಣವನ್ನು ಯಾವುದಕ್ಕೆ ಹಾಕಬೇಕು?

ಯಕ್ಷಗಾನದ ಫೋಟೋ ತೆಗೆಯುವುದು ನನ್ನ ಬಹುಕಾಲದ ಹವ್ಯಾಸ, ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ಸೆನ್ಸರ್ ಎಷ್ಟು ಬೆಳಕನ್ನು ಕೂಡಿಸಿತು ಎಂಬುದರಲ್ಲೇ ಚಿತ್ರದ ಹಣೆಬರಹ ಬಹುಪಾಲು ತೀರ್ಮಾನವಾಗಿಬಿಡುತ್ತದೆ. ಪ್ರೊಸೆಸರ್ ಆ ಬೆಳಕನ್ನು ಚೆನ್ನಾಗಿ ಬಳಸಬಲ್ಲದು, ಇಲ್ಲದ ಬೆಳಕನ್ನು ತರಲಾರದು. ಮೊಬೈಲ್‌ಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಆದರೆ ವೇಷಧಾರಿ ಕುಣಿಯತೊಡಗಿದೊಡನೆ ಆ ಉಪಾಯ ಕೈಕೊಡುತ್ತದೆ.

ಮೊದಲು ಅಳತೆ ನೋಡಿ. ನಿಮ್ಮ ಮೊಬೈಲ್ ಯಾವುದೆಂದು ನೀವು ಹೇಳಿಲ್ಲ, ಆದ್ದರಿಂದ 2018ರಲ್ಲಿ ಸೋನಿ ಪ್ರಕಟಿಸಿದ 48 ಮೆಗಾಪಿಕ್ಸೆಲ್‌ನ ಐಎಂಎಕ್ಸ್586 ಸೆನ್ಸರನ್ನೇ ಉದಾಹರಣೆಯಾಗಿ ಹಿಡಿಯೋಣ. ಅದರ ಒಂದೊಂದು ಪಿಕ್ಸೆಲ್ 0.8 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಅಗಲ. ಇಡೀ ಸೆನ್ಸರ್ ಸುಮಾರು 6.4 × 4.8 ಮಿಲಿಮೀಟರ್, ಅಂದರೆ 31 ಚದರ ಮಿಲಿಮೀಟರ್. ನಿಮ್ಮ ಮಾವನ ಕ್ಯಾಮೆರಾದ್ದು 36 × 24 ಮಿಲಿಮೀಟರ್, ಅಂದರೆ 864. ವಿಸ್ತೀರ್ಣದಲ್ಲಿ 28 ಪಟ್ಟು ವ್ಯತ್ಯಾಸ. ಜೊತೆಗೆ ಆ ಮೊಬೈಲ್ ಸೆನ್ಸರ್‌ನಲ್ಲಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳು ಒಂದೇ ಬಣ್ಣದ ಫಿಲ್ಟರ್‌ನ ಅಡಿಯಲ್ಲಿರುತ್ತವೆ. ಕತ್ತಲಲ್ಲಿ ನಾಲ್ಕನ್ನೂ ಕೂಡಿಸಿ ಒಂದಾಗಿ ಓದುತ್ತದೆ. ಹಾಗಾಗಿ ರಾತ್ರಿ ನಿಮ್ಮ ಕೈಗೆ ಬರುವುದೂ 12 ಮೆಗಾಪಿಕ್ಸೆಲ್ ಚಿತ್ರವೇ.

ವಿಸ್ತೀರ್ಣಕ್ಕೆ ಇಷ್ಟೇಕೆ ಬೆಲೆ? ಬೆಳಕು ಫೋಟಾನ್‌ಗಳಾಗಿ ಬಿಡಿಬಿಡಿಯಾಗಿ, ಹೊತ್ತುಗೊತ್ತಿಲ್ಲದೆ ಬಂದು ಬೀಳುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನ್ ಬರುವಲ್ಲಿ ಸುಮಾರು 10ರಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಅಂದರೆ ಶೇಕಡ 10. ಸರಾಸರಿ 10,000 ಬರುವಲ್ಲಿ ಏರುಪೇರು 100, ಅಂದರೆ ಶೇಕಡ 1 ಮಾತ್ರ. ಕತ್ತಲೆಯ ಚಿತ್ರದಲ್ಲಿ ನಮಗೆ ಕಾಣುವ ಮರಳು ಮರಳಾದ ನಾಯ್ಸ್‌ನ ದೊಡ್ಡ ಪಾಲು ಇದು. ಇದು ಸೆನ್ಸರ್‌ನ ದೋಷವಲ್ಲ, ಬೆಳಕಿನ ಸ್ವಭಾವ. ಪರಿಪೂರ್ಣವಾದ ಸೆನ್ಸರನ್ನು ಯಾರಾದರೂ ನಾಳೆಯೇ ತಯಾರಿಸಿದರೂ ಇದು ಹೋಗುವುದಿಲ್ಲ. ಹೆಚ್ಚು ಫೋಟಾನ್ ಸಂಗ್ರಹಿಸುವುದೊಂದೇ ದಾರಿ.

ಕ್ಯಾಮೆರಾದಲ್ಲಿ ಐಎಸ್‌ಒ ಎಂಬ ಅಂಕಿಯನ್ನು ಏರಿಸಿದರೆ ಸೆನ್ಸರ್‌ನ ಸೂಕ್ಷ್ಮತೆ ಹೆಚ್ಚುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗಿಲ್ಲ. ಎಷ್ಟು ಫೋಟಾನ್ ಬರಬೇಕೆಂಬುದನ್ನು ನಿರ್ಧರಿಸುವುದು ರಂಗದ ದೀಪ, ಲೆನ್ಸ್‌ನ ದ್ವಾರ ಮತ್ತು ಶಟರ್ ವೇಗ. ಐಎಸ್‌ಒ ಎಂಬುದು ಬಂದ ಸಂಕೇತವನ್ನು ಹಿಗ್ಗಿಸುವ ಪ್ರಮಾಣವಷ್ಟೆ, ಅದರ ಜೊತೆಗೆ ಏರುಪೇರೂ ಹಿಗ್ಗುತ್ತದೆ.

ಹಾಗೆಂದು ಸೆನ್ಸರ್‌ಗಳು ನಿಂತಲ್ಲೇ ನಿಂತಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರ್‌ಗೆ 2009ರ ನೊಬೆಲ್ ಬಂತು. ಸಿಸಿಡಿಯಲ್ಲಿ ಎಲ್ಲ ಪಿಕ್ಸೆಲ್‌ಗಳ ವಿದ್ಯುದಂಶ ಸಾಲಾಗಿ ಸರಿದು, ಬೆರಳೆಣಿಕೆಯ ಬಾಗಿಲುಗಳ ಮೂಲಕ ಹೊರಬರಬೇಕಿತ್ತು. 1990ರ ದಶಕದಲ್ಲಿ ಎರಿಕ್ ಫೋಸಮ್ ಮತ್ತು ನಾಸಾದ ಜೆಟ್ ಪ್ರೊಪಲ್ಶನ್ ಪ್ರಯೋಗಾಲಯದ ಅವರ ತಂಡ ಬೆಳೆಸಿದ ಸಿಮಾಸ್ ಎಂಬ ಬಗೆಯ ಸೆನ್ಸರ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ ಸಂಕೇತವನ್ನು ಹಿಗ್ಗಿಸುವ ಅದರದೇ ಆಂಪ್ಲಿಫೈಯರ್ ಬಂತು. ಮುಂದೆ ಪಿಕ್ಸೆಲ್‌ಗಳ ಪ್ರತಿ ಕಂಬಸಾಲಿಗೂ ಸಂಕೇತವನ್ನು ಅಂಕಿಯಾಗಿಸುವ ಒಂದು ಪರಿವರ್ತಕ ಇಡುವ ರೂಢಿ ಬೆಳೆದಾಗ, ಓದುವ ಕೆಲಸ ಸಾವಿರಾರು ಪರಿವರ್ತಕಗಳಿಗೆ ಹಂಚಿಹೋಗಿ ಒಂದೊಂದೂ ನಿಧಾನವಾಗಿ, ನಿಖರವಾಗಿ ಓದುವಂತಾಯಿತು. ಓದುವಾಗ ಸೇರಿಕೊಳ್ಳುತ್ತಿದ್ದ ನಾಯ್ಸ್ ಇದರಿಂದ ಬಹಳ ಇಳಿಯಿತು. ಹಳೆಯ ವಿನ್ಯಾಸದಲ್ಲಿ ಬೆಳಕಿಗೆ ಅಡ್ಡವಾಗಿ ಲೋಹದ ತಂತಿಗಳಿದ್ದವು. 2009ರಲ್ಲಿ ಸೋನಿ ಸಾಮಾನ್ಯ ಬಳಕೆಯ ಕ್ಯಾಮೆರಾಗಳಿಗೆ ತಂದ ಹಿಂಬದಿ ಬೆಳಕಿನ ಸೆನ್ಸರ್, ಚಿಪ್ಪನ್ನೇ ಮಗುಚಿ ತಂತಿಗಳನ್ನು ಕೆಳಕ್ಕೆ ಕಳಿಸಿತು. ಇದರ ಲಾಭ ಹೆಚ್ಚು ಸಿಕ್ಕಿದ್ದು ಪುಟ್ಟ ಪಿಕ್ಸೆಲ್‌ಗಳ ಮೊಬೈಲ್‌ಗಳಿಗೆ. ಇಂದಿನ ಮೊಬೈಲ್ ರಾತ್ರಿ ಇಷ್ಟಾದರೂ ಕಾಣುತ್ತಿದ್ದರೆ ಈ ಮಗುಚುವಿಕೆಗೆ ದೊಡ್ಡ ಪಾಲು ಸಲ್ಲಬೇಕು.

ಈಗ ಪ್ರೊಸೆಸರ್‌ನ ವಿಚಾರ. ಕ್ಯಾನನ್‌ನ ಡಿಜಿಕ್, ನಿಕಾನ್‌ನ ಎಕ್ಸ್‌ಪೀಡ್, ಸೋನಿಯ ಬಯಾನ್ಜ್ ಎಂದು ಹೆಸರು ಬೇರೆಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ. ಸೆನ್ಸರ್‌ಗೆ ಬಣ್ಣ ಗೊತ್ತಿಲ್ಲ. ಕೊಡಾಕ್‌ನ ಬ್ರೈಸ್ ಬೇಯರ್ ರೂಪಿಸಿ 1976ರಲ್ಲಿ ಪೇಟೆಂಟ್ ಪಡೆದ ಫಿಲ್ಟರ್ ಜೋಡಣೆಯಲ್ಲಿ ಅರ್ಧದಷ್ಟು ಪಿಕ್ಸೆಲ್‌ಗಳು ಹಸಿರನ್ನೂ ಕಾಲುಭಾಗ ಕೆಂಪನ್ನೂ ಉಳಿದ ಕಾಲುಭಾಗ ನೀಲಿಯನ್ನೂ ಅಳೆಯುತ್ತವೆ. ಪ್ರತಿ ಪಿಕ್ಸೆಲ್‌ನ ಉಳಿದೆರಡು ಬಣ್ಣಗಳನ್ನು ಪ್ರೊಸೆಸರ್ ನೆರೆಹೊರೆ ನೋಡಿ ಅಂದಾಜಿಸುತ್ತದೆ. ಎಂದರೆ ಇಂಥ ಸೆನ್ಸರ್‌ನ ಯಾವ ಫೋಟೋದಲ್ಲಾದರೂ ಬಣ್ಣದ ಮಾಹಿತಿಯ ಮೂರರಲ್ಲಿ ಎರಡು ಪಾಲು ಲೆಕ್ಕಾಚಾರದ್ದು! ಆಮೇಲೆ ಬಿಳಿಯ ಸಮತೋಲನ, ನಾಯ್ಸ್ ಇಳಿಕೆ, ಕಾಂತಿಯ ಹೊಂದಾಣಿಕೆ, ಅಂಚುಗಳನ್ನು ಹರಿತಗೊಳಿಸುವುದು, ಕೊನೆಗೆ 14 ಬಿಟ್‌ನ 16,384 ಮಟ್ಟಗಳನ್ನು ಜೆಪೆಗ್‌ನ 256ಕ್ಕೆ ಇಳಿಸುವುದು.

ಯಕ್ಷಗಾನದಲ್ಲಿ ತೊಂದರೆ ಶುರುವಾಗುವುದು ಇಲ್ಲೇ. ರಂಗಕ್ಕೆ ಕಡುಗೆಂಪು ಎಲ್‌ಇಡಿ ದೀಪ ಹಾಕಿದರೆಂದುಕೊಳ್ಳಿ. ಆಗ ನಿಜವಾಗಿ ಕೆಲಸ ಮಾಡುವುದು ಕೆಂಪು ಫಿಲ್ಟರ್‌ನ ಕಾಲುಭಾಗ ಪಿಕ್ಸೆಲ್‌ಗಳು ಮಾತ್ರ. ಅವು ಬೇಗನೆ ತುಂಬಿ ತುಳುಕುತ್ತವೆ, ಉಳಿದವು ಬಹುಪಾಲು ಖಾಲಿ. ವೇಷದ ಕೆಂಪು ದಗಲೆ (ಮೇಲಂಗಿ) ಒಂದೇ ಬಣ್ಣದ ತೇಪೆಯಾಗಿ, ಮಡಿಕೆಗಳೇ ಇಲ್ಲದಂತೆ ಕಾಣುವುದು ಇದರಿಂದ. ಯಾವ ಪ್ರೊಸೆಸರೂ ಆ ಮಡಿಕೆಗಳನ್ನು ಹಿಂದಕ್ಕೆ ತರಲಾರದು. ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆಯಾದ ಹಿಸ್ಟೋಗ್ರಾಮ್‌ನಲ್ಲಿ ಕೆಂಪಿನ ರೇಖೆಯನ್ನು ಪ್ರತ್ಯೇಕವಾಗಿ ನೋಡಿ, ಒಂದು ಸ್ಟಾಪ್ (ಅಂದರೆ ಅರ್ಧದಷ್ಟು ಬೆಳಕಿಗೆ) ಕತ್ತಲಾಗಿ ತೆಗೆಯುವುದು ಉತ್ತಮ.

ಇನ್ನು ನಾಯ್ಸ್ ಇಳಿಕೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಚುಟ್ಟಿ ಇಡುತ್ತಾರೆ. ಗಂಟೆಗಟ್ಟಲೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕುಳಿತು ಒಂದೊಂದಾಗಿ ಇಟ್ಟ ಆ ಬಿಳಿ ಚುಕ್ಕಿಗಳಿಗೂ ನಾಯ್ಸ್‌ನ ಚುಕ್ಕಿಗಳಿಗೂ ವ್ಯತ್ಯಾಸ ಪ್ರೊಸೆಸರ್‌ಗೆ ತಿಳಿಯುವುದು ಕಷ್ಟ. ಕಡಿಮೆ ಬೆಳಕಿನಲ್ಲಿ ಅದು ಎರಡನ್ನೂ ಸೇರಿಸಿ ಒರೆಸಿಬಿಡುತ್ತದೆ, ಮುಖ ಮೇಣದಂತೆ ನುಣ್ಣಗಾಗುತ್ತದೆ. ಆ ಕಲಾವಿದನ ಶ್ರಮ ಹೀಗೆ ಅಳಿಸಿಹೋಗುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ನಾನು ಸಂಸ್ಕರಿಸದ ‘ರಾ’ (RAW) ಕಡತದಲ್ಲೇ ತೆಗೆಯುತ್ತೇನೆ, ನಾಯ್ಸ್ ಉಳಿದರೆ ಉಳಿಯಲಿ. ಸೆನ್ಸರ್ ಓದಿದ ಅಂಕಿಗಳು ಹಾಗೇ ಇದ್ದರೆ ಇಂದಿಗಿಂತ ಉತ್ತಮವಾದ ತಂತ್ರಾಂಶ ಬಂದಾಗ ಅದೇ ಚಿತ್ರವನ್ನು ಮತ್ತೆ ಸಂಸ್ಕರಿಸಬಹುದು.

ಮೊಬೈಲ್‌ನ ಉಪಾಯ ಎಂದೆನಲ್ಲ, ಅದು ಬಹು ಚೌಕಟ್ಟುಗಳನ್ನು ಕೂಡಿಸುವುದು. ಗೂಗಲ್‌ನ ಎಚ್‌ಡಿಆರ್ ಪ್ಲಸ್, 2018ರಲ್ಲಿ ಬಂದ ನೈಟ್ ಸೈಟ್ ಇವೆಲ್ಲ ಇದೇ ಜಾತಿಯವು. ಒಂದರ ಹಿಂದೊಂದು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುತ್ತವೆ. ಒಂಬತ್ತು ಚಿತ್ರ ಕೂಡಿಸಿದರೆ ನಾಯ್ಸ್ ಮೂರನೇ ಒಂದಕ್ಕೆ ಇಳಿಯುತ್ತದೆ. ಸೆನ್ಸರ್ ವಿಸ್ತೀರ್ಣದಲ್ಲಿ ಕಳೆದುಕೊಂಡದ್ದನ್ನು ಕಾಲದಲ್ಲಿ ಗಳಿಸುವ ಈ ಯೋಚನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ದೇವಸ್ಥಾನದ ದೀಪೋತ್ಸವಕ್ಕೆ, ಕುಳಿತು ಹಾಡುವ ಭಾಗವತರಿಗೆ ಇದು ಸೊಗಸಾಗಿ ಒಪ್ಪುತ್ತದೆ. ಆದರೆ ಉತ್ತರದ ಶೈಲಿಯಾದ ಬಡಗುತಿಟ್ಟಿನ ವೇಷಧಾರಿ ಮಂಡಿ ಹಾಕಿ ಗಿರಕಿ ಹೊಡೆಯುವಾಗ ಒಂದು ಚಿತ್ರದ ಕೈ ಇನ್ನೊಂದರಲ್ಲಿ ಅಲ್ಲಿರುವುದಿಲ್ಲ. ಪ್ರೊಸೆಸರ್ ಎರಡನ್ನೂ ಬೆರೆಸಿದರೆ ಕೈ ಎರಡಾಗುತ್ತದೆ, ಬೆರೆಸದೆ ಬಿಟ್ಟರೆ ಅಷ್ಟು ಭಾಗಕ್ಕೆ ಒಂದೇ ಚಿತ್ರದ ಬೆಳಕು. ಪರದೆ ನುಣುಪಾಗಿ, ಕಲಾವಿದ ಮಾತ್ರ ಒರಟೊರಟಾಗಿ ಮೂಡುವುದು ಇದಕ್ಕೇ. ನಿಮ್ಮ ಚಿತ್ರಗಳನ್ನು ಹಿಗ್ಗಿಸಿ ನೋಡಿ, ಗುರುತು ಸಿಗುತ್ತದೆ.

ಹಾಗಾದರೆ ಹಣ ಯಾವುದಕ್ಕೆ? ನನ್ನ ಸ್ಪಷ್ಟ ಅಭಿಪ್ರಾಯ: ಮೊದಲು ಲೆನ್ಸ್‌ಗೆ. 28 ಪಟ್ಟಿನ ಅಂತರವನ್ನು ಲೆನ್ಸ್ ಬಹಳ ಬದಲಿಸುತ್ತದೆ. ಮೊಬೈಲ್‌ನ ಲೆನ್ಸ್ ಎಫ್/1.8 ಎಂದಿಟ್ಟುಕೊಳ್ಳಿ (ಎಫ್‌ನ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ). ಅದೇ ದೃಶ್ಯವನ್ನು ಅದೇ ಶಟರ್ ವೇಗದಲ್ಲಿ ತೆಗೆಯುವ ಫುಲ್‌ಫ್ರೇಮ್‌ಗೆ ಎಫ್/2.8 ಲೆನ್ಸ್ ಹಾಕಿದರೆ ಸಿಗುವ ಬೆಳಕು ಮೊಬೈಲ್‌ನ ಸುಮಾರು 12 ಪಟ್ಟು. ಎಫ್/5.6ರ ಸಾಧಾರಣ ಜೂಮ್ ಹಾಕಿದರೆ ಬರೀ ಮೂರು ಪಟ್ಟು. ಮಾವನ ಕ್ಯಾಮೆರಾ ನಿಮಗೆ ಸಿಗುವುದಾದರೆ ಅದನ್ನೇ ಇಟ್ಟುಕೊಂಡು, 50 ಅಥವಾ 85 ಮಿಲಿಮೀಟರ್‌ನ ಎಫ್/1.8 ಲೆನ್ಸ್ ಹುಡುಕಿ. ಹೊಸ ಪ್ರೊಸೆಸರ್‌ನ ಬಾಡಿಯಿಂದ ಫೋಕಸ್ ಹಿಡಿಯುವುದು ಸುಲಭವಾಗುವುದಂತೂ ನಿಜ, ಆದರೆ ಆ ಖರ್ಚು ಕಾಯಬಹುದು.

ಮೊಬೈಲೇ ಗತಿಯೆಂದಾದರೆ ರಂಗದ ಹತ್ತಿರ ಹೋಗಿ, ಬೆರಳಿನಿಂದ ಹಿಗ್ಗಿಸಿ ತೆಗೆಯಬೇಡಿ. ಎರಡು ಪಟ್ಟು ಹಿಗ್ಗಿಸಿದರೆ ಆ 31 ಚದರ ಮಿಲಿಮೀಟರ್‌ನಲ್ಲಿ ಬಳಕೆಯಾಗುವುದು ಎಂಟು ಮಾತ್ರ. ಫ್ಲ್ಯಾಶ್ ಮಾತ್ರ ಹಾಕಲೇಬೇಡಿ, ಕುಣಿಯುವವರ ಕಣ್ಣಿಗೆ ಅದು ಹಿಂಸೆ. ಶಟರ್ ವೇಗ ನಿಮ್ಮ ಕೈಯಲ್ಲಿದ್ದರೆ, ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿಗಳ ಅಡಿಯಲ್ಲಿ 1/100 ಸೆಕೆಂಡು ಇಡಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅವು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಅದಕ್ಕಿಂತ ವೇಗವಾದ ಶಟರ್‌ನಲ್ಲಿ ಚಿತ್ರದ ಮೇಲೆ ಪಟ್ಟೆಗಳು ಬೀಳಬಹುದು. ಮಂಡಿಯ ಗಿರಕಿಗೆ 1/100 ಸಾಲುವುದಿಲ್ಲ. ಅದಕ್ಕೆ 1/250 ಬೇಕು, ಪಟ್ಟೆ ಬಿದ್ದರೆ ಬೀಳಲಿ, ನಾಲ್ಕಾರು ಚಿತ್ರ ತೆಗೆದು ಒಳ್ಳೆಯದನ್ನು ಆರಿಸಿಕೊಳ್ಳಿ. ಗಿರಕಿಯ ಕೊನೆಯಲ್ಲಿ ಅವರು ಒಂದು ಕ್ಷಣ ನಿಲ್ಲುತ್ತಾರೆ, ಆಗ 1/100 ಕೂಡ ಸಾಕಾಗುತ್ತದೆ.