ವಿಲ್ಬರ್‌ಫೋರ್ಸ್ ಒಬ್ಬರದೇ ಕೆಲಸವಲ್ಲ

ಬ್ರಿಟನ್ನಿನ ಗುಲಾಮರ ವ್ಯಾಪಾರ ನಿಂತದ್ದು ವಿಲಿಯಂ ವಿಲ್ಬರ್‌ಫೋರ್ಸ್ ಒಬ್ಬರಿಂದಲೇ ಎಂಬ ಮಾತು ನಿಜವೇ ಎಂದು ಕೇಳಿದ್ದೀರಿ. ಪಾರ್ಲಿಮೆಂಟಿನಲ್ಲಿ ಸೋತರೂ ಮತ್ತೆ ಮತ್ತೆ ಮಸೂದೆ ಮಂಡಿಸಿದವರು ಅವರೇ. ಆದರೆ ಅವರಿಗೆ ಸಾಕ್ಷ್ಯ ಒದಗಿಸಿದವರು ಥಾಮಸ್ ಕ್ಲಾರ್ಕ್‌ಸನ್, ಮತ್ತು ನನ್ನ ದೃಷ್ಟಿಯಲ್ಲಿ ಈ ಹೋರಾಟದ ಬೆನ್ನೆಲುಬು ಅವರೇ.

1787ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಈ ವ್ಯಾಪಾರವನ್ನು ನಿಲ್ಲಿಸಲೆಂದು ಹನ್ನೆರಡು ಜನರ ಸಮಿತಿ ರೂಪುಗೊಂಡಿತು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಸಮಿತಿಯ ಪರವಾಗಿ ಕ್ಲಾರ್ಕ್‌ಸನ್ ಬ್ರಿಸ್ಟಲ್, ಲಿವರ್‌ಪೂಲ್ ಬಂದರುಗಳಿಗೆ ಹೋಗಿ ನಾವಿಕರನ್ನು ಮಾತನಾಡಿಸಿದರು, ಹಡಗುಗಳ ಸಿಬ್ಬಂದಿ ಪಟ್ಟಿಗಳನ್ನು ಜಾಲಾಡಿ ಎಷ್ಟು ನಾವಿಕರು ಸತ್ತರೆಂದು ಲೆಕ್ಕ ಹಾಕಿದರು. ಲಿವರ್‌ಪೂಲಿನ ಅಂಗಡಿಯೊಂದರ ಕಿಟಕಿಯಲ್ಲಿ ಬಹಿರಂಗವಾಗಿ ಮಾರಾಟಕ್ಕಿಟ್ಟಿದ್ದ ಕೈಕೋಳ, ಕಾಲುಬೇಡಿ, ಹೆಬ್ಬೆರಳು ಹಿಸುಕುವ ತಿರುಪುಗಳ ಜೊತೆಗೆ, ಅನ್ನನೀರು ಬಿಟ್ಟ ಬಂದಿಯ ಬಾಯನ್ನು ಬಲವಂತವಾಗಿ ತೆರೆಸುವ ಉಪಕರಣವನ್ನೂ ಅವರು ಕೊಂಡು ತಂದು ಜನರಿಗೆ ತೋರಿಸಿದರು. ಸಾಯಲು ನಿರ್ಧರಿಸಿದವರಿಗೂ ಗುಲಾಮರ ಹಡಗುಗಳಲ್ಲಿ ಬಿಡುಗಡೆ ಇರಲಿಲ್ಲ ಎಂಬುದನ್ನು ಆ ಒಂದು ವಸ್ತುವೇ ಹೇಳುತ್ತದೆ. ಬ್ರೂಕ್ಸ್ ಎಂಬ ಹಡಗಿನೊಳಗೆ ಮನುಷ್ಯರನ್ನು ಸಾಲಾಗಿ ಒತ್ತಿ ಮಲಗಿಸಿದ್ದನ್ನು ತೋರಿಸುವ ನಕ್ಷೆಯೂ ಆಗಲೇ ಅಚ್ಚಾಗಿ ಊರೂರಿಗೆ ತಲುಪಿತು.

ಒಲಾಡಾ ಎಕ್ವಿಯಾನೊ ಅವರನ್ನು ದಯವಿಟ್ಟು ಮರೆಯಬೇಡಿ. ಸ್ವತಃ ಗುಲಾಮರಾಗಿದ್ದ ಅವರು 1766ರಲ್ಲಿ ಹಣ ತೆತ್ತು ಬಿಡುಗಡೆ ಪಡೆದು, 1789ರಲ್ಲಿ ಆತ್ಮಕಥೆ ಪ್ರಕಟಿಸಿ, ಊರೂರು ತಿರುಗಿ ಅದನ್ನು ಮಾರಿದರು. ವ್ಯಾಪಾರವನ್ನು ನಿಷೇಧಿಸಿದ 1807ರ ಕಾಯ್ದೆಯನ್ನು ನೋಡಲು ಅವರು ಬದುಕಿರಲಿಲ್ಲ, 1797ರಲ್ಲೇ ತೀರಿಕೊಂಡಿದ್ದರು. ಆ ಕಾಯ್ದೆ ನಿಲ್ಲಿಸಿದ್ದು ವ್ಯಾಪಾರವನ್ನಷ್ಟೇ. ಗುಲಾಮಗಿರಿಯನ್ನೇ ರದ್ದುಗೊಳಿಸುವ ಕಾಯ್ದೆ ಬಂದದ್ದು 1833ರಲ್ಲಿ.